ಮೀಟರಿನ ಅಂಕಿಯೂ ಮೋಟಾರಿನ ಯೋಗ್ಯತೆಯೂ

ಹಳೆಯ ಮೋಟಾರು ಕೊಳ್ಳಹೊರಟವನಿಗೆ ನಮ್ಮ ಹುಬ್ಬಳ್ಳಿ-ಧಾರವಾಡದ ಸೀಮೆಯಲ್ಲಿ ದೊರೆಯುವ ಉಪದೇಶಗಳು ನೂರಾರಿದ್ದರೂ ಅವೆಲ್ಲವೂ ಕಟ್ಟಕಡೆಗೆ ಒಂದೇ ಪ್ರಶ್ನೆಯಲ್ಲಿ ಬಂದು ನಿಲ್ಲುತ್ತವೆ: “ಗಾಡಿ ಎಷ್ಟ್ ಓಡೇತ್ರಿ?” ಉತ್ತರವಾಗಿ ಹೇಳಿದ ಅಂಕಿ ಐವತ್ತು ಸಾವಿರದೊಳಗಿದ್ದರೆ ಕೇಳಿದವರ ಮುಖ ಅರಳುತ್ತದೆ, ಲಕ್ಷವನ್ನು ದಾಟಿದ್ದರೆ, ಬಾನೆಟ್ಟನ್ನು ಎತ್ತಿ ನೋಡುವಷ್ಟು ಶ್ರಮವನ್ನೂ ವಹಿಸದೆ, “ಬ್ಯಾಡ ಬಿಡ್ರಿ, ಭಾಳ ಓಡೇತಿ” ಎಂಬ ತೀರ್ಪು ಹೊರಬೀಳುತ್ತದೆ. ಆ ವಾಹನವು ಸ್ಪೋರ್ಟ್ಸ್ ಕಾರಿನ ಜಾತಿಗೆ ಸೇರಿದ್ದಾದರಂತೂ ತೀರ್ಪಿನೊಡನೆ ಕನಿಕರವೂ ಬೆರೆತು, ಕೊಳ್ಳುವವನ ಬುದ್ಧಿ ಸ್ಥಿಮಿತದಲ್ಲಿರುವುದೋ ಇಲ್ಲವೋ ಎಂಬ ಸಂಶಯವೂ ಮೆಲ್ಲನೆ ಇಣುಕುತ್ತದೆ. ಈ ಅಭಿಪ್ರಾಯವು ವಿದ್ಯಾವಂತರಲ್ಲಿಯೂ ಅಲ್ಲದವರಲ್ಲಿಯೂ, ಕಾಲೇಜಿನ ಪ್ರಾಧ್ಯಾಪಕರಲ್ಲಿಯೂ ದಲಾಲಿ ಅಂಗಡಿಯ ಗುಮಾಸ್ತರಲ್ಲಿಯೂ ಸಮಾನವಾಗಿ ಬೇರೂರಿ, ತಾನು ಪರೀಕ್ಷೆಗೆ ಒಳಗಾಗಬೇಕಾದ ಒಂದು ಮತವೆಂಬುದೇ ಮರೆತುಹೋಗಿ ಸ್ವತಃಸಿದ್ಧವಾದ ಸತ್ಯದ ಪದವಿಗೆ ಏರಿ ಕುಳಿತಿರುವುದರಿಂದ, ಇದನ್ನು ಖಂಡಿಸುವುದು ಆವಶ್ಯಕವೆಂದು ನನಗೆ ತೋರಿದೆ. ನನ್ನ ಪ್ರತಿಜ್ಞೆ ಇಷ್ಟೇ: ಮೀಟರಿನ ಅಂಕಿಯು ವಾಹನದ ಯೋಗ್ಯತೆಯ ಅಳತೆಯಲ್ಲ, ಸ್ಪೋರ್ಟ್ಸ್ ಕಾರಿನ ವಿಷಯದಲ್ಲಂತೂ ಅದು ಅಲ್ಲವೇ ಅಲ್ಲ, ಮತ್ತು ಆ ಅಂಕಿಯನ್ನು ನಾವು ಪೂಜಿಸುತ್ತಿರುವುದರಿಂದಲೇ ಹಳೆಯ ಗಾಡಿಗಳ ಪೇಟೆಯಲ್ಲಿ ಸುಳ್ಳಿಗೆ ಸತ್ಯಕ್ಕಿಂತ ಹೆಚ್ಚಿನ ಧಾರಣೆ ದೊರೆಯುತ್ತಿದೆ.

ಪೂರ್ವಪಕ್ಷವನ್ನು ಅದರ ಪೂರ್ಣಬಲದೊಡನೆ ಮೊದಲು ಹೇಳುವುದು ನ್ಯಾಯ. ಯಂತ್ರವು ತಿಕ್ಕಾಟದಿಂದ ಸವೆಯತಕ್ಕ ವಸ್ತು. ಪಿಸ್ಟನ್ನು ಏರಿಳಿದಂತೆಲ್ಲ ರಿಂಗುಗಳು ಸವೆಯುತ್ತವೆ, ಬೇರಿಂಗುಗಳು ಸಡಿಲಗೊಳ್ಳುತ್ತವೆ, ಕ್ಲಚ್ ಪ್ಲೇಟು ತೆಳ್ಳಗಾಗುತ್ತದೆ. ಆದುದರಿಂದ ಹೆಚ್ಚು ಓಡಿದುದು ಹೆಚ್ಚು ಸವೆದಿದೆ, ಕಡಿಮೆ ಓಡಿದುದು ಕಡಿಮೆ ಸವೆದಿದೆ. ಸ್ಪೋರ್ಟ್ಸ್ ಕಾರನ್ನು ಅದರ ಒಡೆಯನು ಸಾವಧಾನದಿಂದ ಓಡಿಸಿರಲಾರನಾದುದರಿಂದ ಅದರ ಒಂದು ಕಿಲೋಮೀಟರು ಸಾಧಾರಣ ಕಾರಿನ ಎರಡಕ್ಕೆ ಸಮ. ಇದು ವಾದ. ಯಂತ್ರವು ಸವೆಯುತ್ತದೆಂಬ ಮೊದಲ ಮಾತನ್ನು ಅಲ್ಲಗಳೆಯುವ ಮೂರ್ಖತನಕ್ಕೆ ನಾನು ಇಳಿಯಲಾರೆ. ದೋಷವಿರುವುದು ಎರಡನೆಯ ಹೆಜ್ಜೆಯಲ್ಲಿ: ಸವಕಳಿಯನ್ನು ಅಳೆಯುವ ಕೋಲು ದೂರವೊಂದೇ ಎಂದು ಯಾವ ವಿಚಾರವೂ ಇಲ್ಲದೆ ಒಪ್ಪಿಕೊಂಡುದರಲ್ಲಿ.

ಈ ಮತವನ್ನು ಹಿಡಿದವರು ತಾವೇ ಅದನ್ನು ಆಚರಿಸುವುದಿಲ್ಲವೆಂಬುದು ಗಮನಿಸತಕ್ಕ ಸಂಗತಿ. ಎರಡು ಲಕ್ಷ ಕಿಲೋಮೀಟರು ಓಡಿದ ಇನ್ನೋವಾ ಗಾಡಿಯೊಂದು ಮಾರಾಟಕ್ಕೆ ಬಂದಿತೆಂದರೆ ಇದೇ ಮಹನೀಯರು, “ಇನ್ನೋವಾಕ್ಕ ಏನಾಗ್ತೈತ್ರಿ, ಇನ್ನೂ ಎರಡು ಲಕ್ಷ ಆರಾಮ ಓಡ್ತೈತಿ” ಎಂದು ಮುಂಗಡವನ್ನು ಕೈಯಲ್ಲಿ ಹಿಡಿದುಕೊಂಡೇ ಬರುತ್ತಾರೆ. ನವನಗರದ ನಿಲ್ದಾಣದಲ್ಲಿ ನಿಂತು ಅವರು ನಿತ್ಯವೂ ಹತ್ತುವ, ಹುಬ್ಬಳ್ಳಿ-ಧಾರವಾಡದ ನಡುವೆ ಓಡುವ ಚಿಗರಿ ಬಸ್ಸಾಗಲಿ, ಹಳ್ಳಿಗಳಿಗೆ ಹೋಗುವ ವಾಯವ್ಯ ಸಾರಿಗೆಯ ಕೆಂಪು ಬಸ್ಸಾಗಲಿ, ಎಷ್ಟು ಲಕ್ಷ ಕಿಲೋಮೀಟರು ಓಡಿದೆಯೆಂದು ಅವರು ಯಾರನ್ನಾದರೂ ಒಮ್ಮೆಯಾದರೂ ಕೇಳಿದ್ದುಂಟೆ? ಡಿಪೋದಲ್ಲಿ ಆ ವಾಹನಕ್ಕೆ ವಾಯಿದೆಗೆ ಸರಿಯಾಗಿ ಎಣ್ಣೆ ಬದಲಾಗಿದೆ, ಬ್ರೇಕು ನೋಡಲ್ಪಟ್ಟಿದೆ ಎಂಬ ನಂಬುಗೆಯೇ ಅಲ್ಲಿ ಸಾಕಾಗುತ್ತದೆ. ಅಂದಮೇಲೆ ದೂರವು ತಾನಾಗಿಯೇ ದೋಷವಲ್ಲ, ಪೋಷಣೆಯಿಲ್ಲದ ದೂರ ಮಾತ್ರ ದೋಷ ಎಂಬುದನ್ನು ಅವರ ಆಚಾರವು ಒಪ್ಪಿಕೊಂಡಿದೆ. ಒಪ್ಪದಿರುವುದು ಅವರ ನಾಲಗೆ ಮಾತ್ರ.

ಇನ್ನು ಲೆಕ್ಕಕ್ಕೆ ಬರೋಣ. ಇಬ್ಬರು ಗೃಹಸ್ಥರನ್ನು ಕಲ್ಪಿಸಿಕೊಳ್ಳಿರಿ. ಒಬ್ಬನು ಹುಬ್ಬಳ್ಳಿಯ ವಿದ್ಯಾನಗರದಲ್ಲಿ ವಾಸವಾಗಿದ್ದು, ನಿತ್ಯವೂ ಏಳೆಂಟು ಕಿಲೋಮೀಟರು ನಡೆಸಿಕೊಂಡು ಅಮರಗೋಳದ ಎ.ಪಿ.ಎಂ.ಸಿ. ಪ್ರಾಂಗಣದಲ್ಲಿರುವ ತನ್ನ ಅಂಗಡಿಗೆ ಬರುತ್ತಾನೆ. ಉಣಕಲ್ಲಿನ ಸಿಗ್ನಲ್ಲು, ಭೈರಿದೇವರಕೊಪ್ಪದ ಜನಸಂದಣಿ, ಪ್ರಾಂಗಣದ ಬಾಗಿಲಲ್ಲಿ ಉಳ್ಳಾಗಡ್ಡಿಯ ಲಾರಿಗಳ ಸಾಲು, ಇವೆಲ್ಲವನ್ನೂ ದಾಟಿ ಬರುವ ಅವನ ಸರಾಸರಿ ವೇಗ ತಾಸಿಗೆ 25 ಕಿಲೋಮೀಟರು ಎಂದಿಟ್ಟುಕೊಂಡರೆ ಔದಾರ್ಯವೇ ಆಯಿತು. ಇನ್ನೊಬ್ಬನು ಧಾರವಾಡದಿಂದ ಉದ್ಯೋಗನಿಮಿತ್ತ ಬೆಳಗಾವಿಗೆ ಹೋಗಿಬರುವವನು. ಒಂದು ಸಲಕ್ಕೆ ಸುಮಾರು 80 ಕಿಲೋಮೀಟರು, ಬಹುಭಾಗ ಹೆದ್ದಾರಿ, ಸರಾಸರಿ ವೇಗ ತಾಸಿಗೆ 75. ಮೊದಲನೆಯವನ ಮೀಟರು 40,000 ತೋರಿಸುವಾಗ ಅವನ ಎಂಜಿನ್ನು 1,600 ತಾಸು ತಿರುಗಿದೆ. ಎರಡನೆಯವನ ಮೀಟರು 1,20,000 ತೋರಿಸುವಾಗ ಅವನ ಎಂಜಿನ್ನೂ ತಿರುಗಿರುವುದು ಅದೇ 1,600 ತಾಸು. ಲೋಕವು ಒಂದನ್ನು “ಹೊಸಾ ಗಾಡಿ ಇದ್ದಂಗ ಐತಿ” ಎಂದು ಕೊಂಡಾಡಿ ಮತ್ತೊಂದನ್ನು ಗುಜರಿಗೆ ಕಳುಹಿಸಲು ಸಿದ್ಧವಾಗಿದೆ!

ತಾಸುಗಳ ಲೆಕ್ಕದಲ್ಲಿ ಇಬ್ಬರೂ ಸಮರಾದರು; ಸ್ಟಾರ್ಟುಗಳ ಲೆಕ್ಕದಲ್ಲಿ ಹಾಗಲ್ಲ. ಎಂಟು ಕಿಲೋಮೀಟರಿನ ಸವಾರಿಗಳಿಂದ 40,000 ಕೂಡಿಸಿದವನು ತನ್ನ ಎಂಜಿನ್ನನ್ನು 5,000 ಸಲ ತಣ್ಣಗಿನಿಂದ ಎಬ್ಬಿಸಿದ್ದಾನೆ. ಎಂಬತ್ತರ ಸವಾರಿಗಳಿಂದ 1,20,000 ಕೂಡಿಸಿದವನು 1,500 ಸಲ. ಎಂಜಿನ್ನಿನ ಆಯುಷ್ಯದಲ್ಲಿ ಅತ್ಯಂತ ಕ್ರೂರವಾದ ಕ್ಷಣವು ಈ ತಣ್ಣಗಿನ ಸ್ಟಾರ್ಟೇ ಎಂಬುದನ್ನು ಯಾವ ಮಿಸ್ತ್ರಿಯಾದರೂ ಹೇಳಬಲ್ಲನು. ರಾತ್ರಿಯೆಲ್ಲ ಎಣ್ಣೆ ಕೆಳಗಿನ ತೊಟ್ಟಿಗೆ ಇಳಿದಿರುತ್ತದೆ. ಅದು ಮತ್ತೆ ಮೇಲೇರಿ ಕ್ಯಾಮಿನವರೆಗೆ ಮುಟ್ಟುವ ತನಕ ಲೋಹವು ತೆಳುವಾದ ಎಣ್ಣೆಯ ಶೇಷದ ಮೇಲೆಯೇ ಉಜ್ಜಿಕೊಳ್ಳುತ್ತದೆ. ತಣ್ಣಗಿನ ಎಂಜಿನ್ನಿಗೆ ಹೆಚ್ಚಾಗಿ ಸುರಿಯಲ್ಪಡುವ ಪೆಟ್ರೋಲು ಪೂರ್ಣವಾಗಿ ಉರಿಯದೆ ಸಿಲಿಂಡರಿನ ಗೋಡೆಯಗುಂಟ ಇಳಿದು ಎಣ್ಣೆಯನ್ನು ನೀರಾಗಿಸುತ್ತದೆ. ಉರಿಯುವಿಕೆಯಿಂದ ಹುಟ್ಟಿದ ತೇವವು ಆವಿಯಾಗಿ ಹೋಗಬೇಕಾದರೆ ಎಣ್ಣೆ ಚೆನ್ನಾಗಿ ಕಾಯಬೇಕು, ಅದು ಕಾಯುವಷ್ಟರಲ್ಲಿ ನಮ್ಮ ಅಂಗಡಿಕಾರನು ಗಾಡಿ ನಿಲ್ಲಿಸಿ ಗಾದಿಯ ಮೇಲೆ ಕುಳಿತಾಗಿರುತ್ತದೆ. ಬೆಳಗಾವಿಯ ದಾರಿಯವನ ಎಂಜಿನ್ನು ಕಿತ್ತೂರು ದಾಟುವ ಮೊದಲೇ ಈ ಎಲ್ಲ ಕಲ್ಮಷವನ್ನು ಕಳೆದುಕೊಂಡು, ಮೇಲಣ ಗೇರಿನಲ್ಲಿ ಒಂದೇ ಸಮನಾಗಿ ತಿರುಗುತ್ತಿರುತ್ತದೆ. ಅವನ ಕ್ಲಚ್ಚು ಸವೆದಿಲ್ಲ, ಗೇರುಗಳು ಬದಲಾದುದು ಕಡಿಮೆ, ಬ್ರೇಕು ಹಿಡಿದುದು ಇನ್ನೂ ಕಡಿಮೆ. ಮೀಟರು ಇದಾವುದನ್ನೂ ಬರೆದುಕೊಳ್ಳುವುದಿಲ್ಲ. ಅದು ಎಣಿಸುವುದು ಚಕ್ರದ ಸುತ್ತುಗಳನ್ನು. ನಾವು ಕೊಳ್ಳುವುದು ಚಕ್ರವನ್ನಲ್ಲ.

ಅತಿ ಕಡಿಮೆ ಓಡಿದ ಗಾಡಿಯ ಮಹಿಮೆಯನ್ನು ಹಾಡುವವರು ಮರೆಯುವ ಇನ್ನೊಂದು ಸಂಗತಿಯೆಂದರೆ, ಮೋಟಾರಿನ ಅರ್ಧಭಾಗವು ಓಟದಿಂದಲ್ಲ, ಕಾಲದಿಂದ ಸವೆಯುತ್ತದೆಂಬುದು. ರಬ್ಬರು, ಪ್ಲಾಸ್ಟಿಕ್ಕು, ದ್ರವಗಳು ನಿಂತಲ್ಲಿಯೇ ಮುದಿಯಾಗುತ್ತವೆ. ಟೈಮಿಂಗ್ ಬೆಲ್ಟಿಗೆ ತಯಾರಕರು ಕಿಲೋಮೀಟರಿನ ವಾಯಿದೆಯೊಡನೆ ವರ್ಷಗಳ ವಾಯಿದೆಯನ್ನೂ ಕೊಟ್ಟು, “ಯಾವುದು ಮೊದಲೋ ಅದು” ಎಂದು ಬರೆಯುವುದು ವ್ಯರ್ಥಾಲಂಕಾರವಲ್ಲ. ಬ್ರೇಕಿನ ಎಣ್ಣೆಯು ಗಾಳಿಯ ತೇವವನ್ನು ಹೀರತಕ್ಕದ್ದಾದುದರಿಂದ ಸಾಮಾನ್ಯವಾಗಿ ಎರಡು ವರ್ಷಕ್ಕೊಮ್ಮೆ ಬದಲಾಗಬೇಕು, ಗಾಡಿ ಓಡಲಿ ಬಿಡಲಿ. ಟಾಯರಿನ ಪಕ್ಕದಲ್ಲಿ ನಾಲ್ಕು ಅಂಕಿಗಳು ಒತ್ತಲ್ಪಟ್ಟಿರುತ್ತವೆ, 2316 ಎಂದಿದ್ದರೆ 2016ನೆಯ ವರ್ಷದ 23ನೆಯ ವಾರದಲ್ಲಿ ಹುಟ್ಟಿದ ಟಾಯರು ಎಂದರ್ಥ. “ಟಾಯರ್ ಸೈತ ಒರಿಜಿನಲ್ ಅದಾವ್ರಿ” ಎಂದು ಮಾರುವವನು ಹೆಮ್ಮೆಪಡುವಾಗ ಅವನು ತನ್ನ ವಿರುದ್ಧವೇ ಸಾಕ್ಷಿ ನುಡಿಯುತ್ತಿರುತ್ತಾನೆ. ಪೆಟ್ರೋಲಿನ ಸ್ಥಿತಿಯೂ ಈಗ ಬೇರೆ: 2023ರಿಂದ ಬಂಕುಗಳಿಗೆ ಬಂದಿರುವ 20 ಪ್ರತಿಶತ ಎಥನಾಲ್ ಬೆರೆತ ಇಂಧನವು ನೀರನ್ನು ತನ್ನೆಡೆಗೆ ಸೆಳೆಯುವ ಸ್ವಭಾವದ್ದು, ತಿಂಗಳುಗಟ್ಟಲೆ ಶೆಡ್ಡಿನಲ್ಲಿ ನಿಂತ ಹಳೆಯ ಕಾರಿನ ಟಾಕಿಗೂ ಪೈಪುಗಳಿಗೂ ಅದು ಮಾಡುವ ಉಪಕಾರವನ್ನು ನಾನು ವರ್ಣಿಸಬೇಕಾಗಿಲ್ಲ. ಇನ್ನು ನಮ್ಮ ಅಮರಗೋಳಕ್ಕೇ ವಿಶೇಷವಾದ ಒಂದು ಬಾಧೆಯುಂಟು. ಕಾಳಿನ ಗೋದಾಮುಗಳ ನೆರೆಯಲ್ಲಿ ಇಲಿಗಳಿಗೇನು ಬರಗಾಲ? ಮಳೆಗಾಲದಲ್ಲಿ ಎರಡು ವಾರ ಕದಲದೆ ನಿಂತ ಗಾಡಿಯ ಬಾನೆಟ್ಟಿನೊಳಗೆ ಅವು ಸಂಸಾರ ಹೂಡಿ, ಎಂಜಿನ್ನಿನ ವೈರುಗಳನ್ನು ಕಡಿದು ಹಾಕಿದ ಮೇಲೆ, ಆ ಗಾಡಿ “ಬರೇ ಹದಿನೆಂಟು ಸಾವಿರ ಓಡೇತಿ” ಎಂಬ ಕೀರ್ತಿ ಯಾರ ಉಪಯೋಗಕ್ಕೆ?

ಸ್ಪೋರ್ಟ್ಸ್ ಕಾರೆಂಬುದು ನಮ್ಮ ನಾಡಿಗೆ ತೀರ ಅಪರಿಚಿತವಾದ ಪ್ರಾಣಿಯೇನಲ್ಲ. ಬೆಂಗಳೂರಿನ ಸಿಪಾನಿಯವರು 1980ರ ದಶಕದಲ್ಲಿ ಡಾಲ್ಫಿನ್ ಎಂಬ ಫೈಬರ್ ಮೈಯ ಪುಟ್ಟ ಕಾರನ್ನು ಮಾಡಿದರು. ಪೇಟೆಯಲ್ಲಿ ಸೋತರೂ ಅದರ ಹಗುರಿನ ದೆಸೆಯಿಂದ ರ‍್ಯಾಲಿಯವರು ಅದನ್ನು ಮೆಚ್ಚಿದರು. ಮುಂದೆ ರೆನಾಲ್ಟಿನ ಎಂಜಿನ್ನನ್ನು ಹೊತ್ತ, ಎರಡೇ ಆಸನದ ಸ್ಯಾನ್ ಸ್ಟಾರ್ಮ್ ನೆರೆಯ ಗೋವೆಯಲ್ಲಿ ತಯಾರಾಯಿತು. ಇಂದು ನಮ್ಮ ಮಧ್ಯಮವರ್ಗದ ತರುಣನು ಸ್ಪೋರ್ಟ್ಸ್ ಕಾರೆಂದು ಕರೆಯುವುದು ಬೇರೆಯ ಸಾಲನ್ನು: 106 ಅಶ್ವಶಕ್ತಿಯ ಹಳೆಯ ಹೋಂಡಾ ಸಿಟಿ ವಿಟೆಕ್, 2013ರಲ್ಲಿ ಬಂದ ಪೋಲೊ ಜಿಟಿ, 2015ರಲ್ಲಿ 145 ಅಶ್ವಶಕ್ತಿಯೊಡನೆ ಬಂದ ಅಬಾರ್ತ್ ಪುಂಟೊ, 2017ರಲ್ಲಿ ಐದುನೂರರಷ್ಟೇ ಸಂಖ್ಯೆಯಲ್ಲಿ ಈ ದೇಶಕ್ಕೆ ಬಂದು ಬೇಗನೆ ಮಾರಾಟವಾಗಿ ಹೋದ 230 ಅಶ್ವಶಕ್ತಿಯ ಆಕ್ಟೇವಿಯಾ ಆರ್‌ಎಸ್. ಇವು ಕುಲೀನ ಎರಡಾಸನದ ಸ್ಪೋರ್ಟ್ಸ್ ಕಾರುಗಳಲ್ಲವೆಂದು ಶಾಸ್ತ್ರಜ್ಞರು ಆಕ್ಷೇಪಿಸಬಹುದು. ಹಳೆಯದಾಗಿ ಕೈಗೆಟಕುವ ಬೆಲೆಗೆ ಹುಬ್ಬಳ್ಳಿಯಲ್ಲಿ ದೊರೆಯುವಂಥವು ಇವೇ ಆದುದರಿಂದ, ನಾನು ಶಾಸ್ತ್ರಜ್ಞರನ್ನು ಬದಿಗಿಟ್ಟು ಮುಂದುವರಿಯುತ್ತೇನೆ.

ಇಂಥ ಕಾರುಗಳಲ್ಲಿ ಪೂರ್ವಪಕ್ಷವು ಇನ್ನಷ್ಟು ದುರ್ಬಲವಾಗುತ್ತದೆಂದು ನಾನೆನ್ನುವುದಕ್ಕೆ ಕಾರಣವಿದೆ. ಹೆಚ್ಚಿನ ಶಾಖವನ್ನೂ ಭಾರವನ್ನೂ ತಾಳಲೆಂದೇ ಇವುಗಳ ಬ್ರೇಕು ದೊಡ್ಡದು, ತಂಪುಮಾಡುವ ಏರ್ಪಾಡು ಬಲವಾದುದು. ಹೆದ್ದಾರಿಯಲ್ಲಿ ತಾಸಿಗೆ ನೂರರಂತೆ ಹೋಗುವುದು ಇವುಗಳಿಗೆ ವಿಶ್ರಾಂತಿಗೆ ಸಮಾನ. ಇವುಗಳನ್ನು ಕೊಲ್ಲುವುದು ಊರೊಳಗಿನ ತೆವಳಾಟ. ಪೆಟ್ರೋಲು ನೇರವಾಗಿ ಸಿಲಿಂಡರಿನೊಳಕ್ಕಷ್ಟೇ ಚಿಮ್ಮಲ್ಪಡುವ ಎಂಜಿನ್ನುಗಳಲ್ಲಿ, ಒಳದ್ವಾರದ ವಾಲ್ವುಗಳನ್ನು ಹಿಂದಿನ ಎಂಜಿನ್ನುಗಳಲ್ಲಿದ್ದಂತೆ ಪೆಟ್ರೋಲು ತೊಳೆಯುವುದಿಲ್ಲ. ಅವುಗಳ ಮೇಲೆ ಇಂಗಾಲವು ಪದರುಪದರಾಗಿ ಕೂರುತ್ತದೆ. ಚಿಕ್ಕ ಚಿಕ್ಕ ಸವಾರಿಗಳಲ್ಲಿ ಈ ಮಸಿ ಬೇಗ ಬೆಳೆಯುತ್ತದೆ. ಪೋಲೊ ಜಿಟಿಯ ಏಳು ಗೇರಿನ, ಡಿಎಸ್‌ಜಿ ಎಂಬ ಸ್ವಯಂಚಾಲಿತ ಗೇರುಪೆಟ್ಟಿಗೆಯದು ಇನ್ನೊಂದು ಕಥೆ. ಅದರ ಒಣ ಕ್ಲಚ್ಚುಗಳು ಹೆದ್ದಾರಿಯಲ್ಲಿ ಅಂಟಿಕೊಂಡು ಕೂತಿರುತ್ತವೆ, ಸಂದಣಿಯಲ್ಲಿ ಅಂಗುಲಂಗುಲಕ್ಕೂ ಜಾರುತ್ತ ಕಾಯುತ್ತವೆ. ಕೊಪ್ಪೀಕರ ರಸ್ತೆಯಲ್ಲಿ 30,000 ತೆವಳಿದ ಜಿಟಿಯನ್ನೂ ಪುಣೆಯ ಹೆದ್ದಾರಿಯಲ್ಲಿ 1,00,000 ಓಡಿದ ಜಿಟಿಯನ್ನೂ ನನ್ನೆದುರಿಗಿಟ್ಟು ಆರಿಸೆಂದರೆ ನಾನು ಕ್ಷಣಮಾತ್ರವೂ ಯೋಚಿಸುವುದಿಲ್ಲ.

ಲೋಕದಲ್ಲಿ ಅತ್ಯಂತ ಹೆಚ್ಚು ದೂರ ಓಡಿದ ಖಾಸಗಿ ಕಾರು ಯಾವುದೆಂದು ಪ್ರತಿಪಕ್ಷಿಗಳನ್ನು ಕೇಳಿದರೆ ಅವರು ಡೀಸೆಲ್ ಟ್ಯಾಕ್ಸಿಯೊಂದನ್ನು ಹೆಸರಿಸಿಯಾರು. ಗಿನ್ನೆಸ್ ದಾಖಲೆಯು ಬೇರೆ ಹೇಳುತ್ತದೆ. ಅಮೆರಿಕದ ಲಾಂಗ್ ಐಲೆಂಡಿನ ಶಾಲಾ ಶಿಕ್ಷಕ ಇರ್ವ್ ಗಾರ್ಡನ್ 1966ರಲ್ಲಿ ಕೊಂಡ ಕೆಂಪು ವೋಲ್ವೊ 1800 ಎಸ್, ಅಂದರೆ ಆ ಕಾಲದ ಸ್ಪೋರ್ಟ್ಸ್ ಕೂಪೆ, 2013ರಲ್ಲಿ ಮೂವತ್ತು ಲಕ್ಷ ಮೈಲಿಗಳನ್ನು ಮುಟ್ಟಿತು. ನಮ್ಮ ಅಳತೆಯಲ್ಲಿ ಸುಮಾರು 48 ಲಕ್ಷ ಕಿಲೋಮೀಟರು. ಆ ಎಂಜಿನ್ನನ್ನು ಮೊದಲ ಸಲ ಬಿಚ್ಚಿ ಕಟ್ಟಿದುದು 6,80,000 ಮೈಲಿಗಳಾದ ಮೇಲೆ. ಆತನು ಮಂತ್ರತಂತ್ರವನ್ನೇನೂ ಬಲ್ಲವನಲ್ಲ. ತಯಾರಕರ ಪುಸ್ತಕದಲ್ಲಿ ಬರೆದ ವಾಯಿದೆಗೆ ತಪ್ಪದೆ ಎಣ್ಣೆಯನ್ನು ಬದಲಿಸಿದನು, ಮತ್ತು ಅವನ ನಿತ್ಯದ ಸವಾರಿ ದೀರ್ಘವಾಗಿತ್ತು. 1,10,000 ಕಿಲೋಮೀಟರಿಗೆ ಕೈಮುಗಿದು “ಮುಗೀತ್ರಿ ಇದರ ಕಥಿ” ಎನ್ನುವ ನಮ್ಮ ಪಂಡಿತರ ಬಳಿಗೆ ಆ ವೋಲ್ವೊ ಬಂದಿದ್ದರೆ, ಅದರ ಆಯುಷ್ಯದ ನಲವತ್ತರಲ್ಲೊಂದು ಪಾಲೂ ಕಳೆಯುವ ಮುನ್ನವೇ ಅಂತ್ಯಸಂಸ್ಕಾರವಾಗಿ ಹೋಗುತ್ತಿತ್ತು.

ಇಷ್ಟರವರೆಗೆ ನಾನು ಖಂಡಿಸಿದುದು ಅಜ್ಞಾನವನ್ನು. ಈಗ ಆ ಅಜ್ಞಾನದಿಂದ ಹುಟ್ಟಿದ ಅನ್ಯಾಯಕ್ಕೆ ಬರುತ್ತೇನೆ. ಕೊಳ್ಳುವವರೆಲ್ಲರೂ ಒಂದೇ ಅಂಕಿಯನ್ನು ನೋಡುವರೆಂದು ತಿಳಿದ ಮೇಲೆ ಮಾರುವವನಿಗೆ ತಿದ್ದಬೇಕಾದುದೂ ಅದೊಂದೇ ಅಂಕಿಯಾಯಿತು. ಹಳೆಯ ಕಾಲದಲ್ಲಿ ಮೀಟರಿನ ಗಾಲಿಗಳನ್ನು ಬಿಚ್ಚಿ ಹಿಂದಕ್ಕೆ ತಿರುವಬೇಕಾಗಿತ್ತು. ಈಗ ಸ್ಟಿಯರಿಂಗಿನ ಕೆಳಗಿನ ಸಾಕೆಟ್ಟಿಗೆ ಒಂದು ಯಂತ್ರವನ್ನು ಚುಚ್ಚಿ, ಒಂದು ಕಪ್ಪು ಚಹಾ ಆರುವಷ್ಟರೊಳಗೆ ಒಂದೂವರೆ ಲಕ್ಷವನ್ನು ನಲವತ್ತೆಂಟು ಸಾವಿರ ಮಾಡಬಹುದು. ಅಮೆರಿಕದಲ್ಲಿ 1972ರಷ್ಟು ಹಿಂದೆಯೇ ಇದನ್ನು ತಡೆಯಲು ಪ್ರತ್ಯೇಕ ಕಾನೂನು ಬಂದಿತು. ನಮ್ಮಲ್ಲಿ ಮೋಸಹೋದವನು ವಂಚನೆಯ ಕಲಮಿನ ಕೆಳಗೆ, ಎಂದರೆ ಈಗಿನ ನ್ಯಾಯಸಂಹಿತೆಯ 318ನೆಯ ಕಲಮಿನ ಕೆಳಗೆ, ಫಿರ್ಯಾದು ಕೊಡಬಹುದಾದರೂ, ಸಾಬೀತು ಮಾಡುವಷ್ಟರಲ್ಲಿ ಗಾಡಿ ಮೂರು ಕೈ ಬದಲಾಗಿರುತ್ತದೆ. ರಾಜಧಾನಿ ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಮತ್ತು ಹದಿನೈದು ಮೀರಿದ ಪೆಟ್ರೋಲ್ ಗಾಡಿಗಳಿಗೆ ನಿರ್ಬಂಧ ಬಂದಾಗಿನಿಂದ, ವಯಸ್ಸಾಗುತ್ತಿರುವ ಅಲ್ಲಿಯ ಗಾಡಿಗಳು ದಕ್ಷಿಣದ ಪೇಟೆಗಳಿಗೆ ಇಳಿದುಬರುತ್ತಿವೆ. ಮೂಲಸ್ಥಳದಲ್ಲಿ ಹೇಗೆ ಓಡಿತೋ ಯಾರು ಬಲ್ಲರು, ನಮ್ಮ ಗೋಕುಲ ರಸ್ತೆಯನ್ನು ತಲುಪುವಷ್ಟರಲ್ಲಿ ಅವುಗಳ ಮೀಟರು ಮಾತ್ರ ಆಶ್ಚರ್ಯಕರವಾದ ಯೌವನವನ್ನು ಪಡೆದಿರುತ್ತದೆ. ಎಲ್ಲವೂ ಹೀಗೆಂದು ನಾನು ಹೇಳುತ್ತಿಲ್ಲ. ಆದರೆ ಹೀಗಾಗುವುದಕ್ಕೆ ಬೇಕಾದ ಲಾಭವನ್ನು ಮುಂಗಡವಾಗಿ ಕೊಟ್ಟವರು ನಾವು.

ಇದರ ಇನ್ನೊಂದು ಮುಖವನ್ನೂ ನೋಡಿರಿ. ಗಾಡಿಯನ್ನು ಪ್ರೀತಿಯಿಂದ ಓಡಿಸಿ, ಪ್ರತಿಯೊಂದು ಸರ್ವಿಸಿನ ಬಿಲ್ಲನ್ನೂ ಕಡತದಲ್ಲಿ ಜೋಡಿಸಿಟ್ಟು, 1,20,000 ಎಂದು ನಿಜವನ್ನೇ ಹೇಳುವ ಪ್ರಾಮಾಣಿಕನಿಗೆ ಪೇಟೆಯು ಲಕ್ಷಗಟ್ಟಲೆ ದಂಡ ಹಾಕುತ್ತದೆ. ಸುಳ್ಳು ಹೇಳಿದವನಿಗೆ ಅದೇ ಮೊತ್ತವನ್ನು ಬಹುಮಾನವಾಗಿ ಕೊಡುತ್ತದೆ. ನಮ್ಮ ಅಮರಗೋಳದ ಪ್ರಾಂಗಣದಲ್ಲಿ ಒಣಮೆಣಸಿನಕಾಯಿಯ ಖರೀದಿದಾರನು ಚೀಲದ ಮೇಲಿನ ಚೀಟಿಯನ್ನು ನಂಬುವುದಿಲ್ಲ. ಮೊಣಕೈವರೆಗೆ ಕೈಯಿಳಿಸಿ ತಳದ ಕಾಯಿಯನ್ನು ಹೊರತೆಗೆದು, ಮುರಿದು, ತೇವವನ್ನೂ ಬಣ್ಣವನ್ನೂ ನೋಡಿದ ಮೇಲೆಯೇ ದರ ಕೂಗುತ್ತಾನೆ. ಅದೇ ಖರೀದಿದಾರನು ಸಂಜೆ ಹಳೆಯ ಕಾರನ್ನು ನೋಡಹೋದಾಗ ಚೀಟಿಯನ್ನಷ್ಟೇ ಓದಿ ಹಿಂತಿರುಗುವುದು ಸೋಜಿಗ.

ಅಂಕಿಯನ್ನು ಬಿಟ್ಟರೆ ಏನನ್ನು ನೋಡಬೇಕೆಂಬುದಕ್ಕೆ ಒಂದು ಉದಾಹರಣೆ. ನನ್ನ ಸೋದರಳಿಯನೊಬ್ಬನು 1,18,000 ಓಡಿದ ಆರ್‌ಎಸ್ ಒಂದನ್ನು ಕೊಳ್ಳಬೇಕೆಂದು ಹಟಹಿಡಿದು, ಮನೆಯವರ ನಿಂದೆಯನ್ನು ಹಂಚಿಕೊಳ್ಳಲೆಂದೋ ಏನೋ, ನನ್ನನ್ನೂ ಹೆದ್ದಾರಿಯ ಬದಿಯ ಗ್ಯಾರೇಜೊಂದಕ್ಕೆ ಕರೆದುಕೊಂಡು ಹೋದನು. ಅಲ್ಲಿ ಎರಡು ಗಾಡಿಗಳಿದ್ದವು. ಇನ್ನೊಂದು ಬೇರೆ ಕಂಪನಿಯದು, 42,000 ಓಡಿದುದಂತೆ. ಮಿಸ್ತ್ರಿ ಮೊದಲು ಮೀಟರನ್ನೇ ನೋಡಲಿಲ್ಲ. ಕಡಿಮೆ ಓಡಿದ ಗಾಡಿಯ ಬಾಗಿಲು ತೆಗೆದು ಕೂತು, ಕಾಲ ಬಳಿ ಬಗ್ಗಿ, “ಮಾಮಾರ, ಇಲ್ಲಿ ನೋಡ್ರಿ” ಎಂದನು. ಬ್ರೇಕ್ ಪೆಡಲಿನ ರಬ್ಬರಿನ ಗೀರುಗಳು ಬಲಗಡೆಯಲ್ಲಿ ಪೂರ್ತಿ ಅಳಿಸಿ ನುಣುಪಾಗಿದ್ದವು. ಆಸನದ ಬಾಗಿಲ ಕಡೆಯ ಉಬ್ಬು ಕುಸಿದು, ಹೊಲಿಗೆ ಬಿಟ್ಟಿತ್ತು. ಸ್ಟಿಯರಿಂಗಿನ ಚರ್ಮವು ಹತ್ತು ಗಂಟೆ ಎರಡು ಗಂಟೆಗಳ ಜಾಗದಲ್ಲಿ ಕನ್ನಡಿಯಂತೆ ಹೊಳೆಯುತ್ತಿತ್ತು. “ನಲವತ್ತೆರಡು ಸಾವಿರಕ್ಕ ಹಿಂಗ ಆಗಂಗಿಲ್ರಿ” ಎಂದು ಅವನು ಯಂತ್ರವನ್ನು ಚುಚ್ಚಿದನು. ಮೀಟರನ್ನು ತಿದ್ದಿದವರು ಉಳಿದ ಕಂಪ್ಯೂಟರುಗಳನ್ನು ತಿದ್ದುವ ಗೋಜಿಗೆ ಬಹಳ ಸಲ ಹೋಗುವುದಿಲ್ಲ. ಹಳೆಯ ದೋಷವೊಂದು ದಾಖಲಾದಾಗ ಅದರೊಡನೆ ಆಗಿನ ಕಿಲೋಮೀಟರೂ ಕೆಲವು ಗಾಡಿಗಳಲ್ಲಿ ಬರೆದಿಡಲ್ಪಡುತ್ತದೆ. ಪರದೆಯ ಮೇಲೆ ಬಂದ ಅಂಕಿ ಲಕ್ಷವನ್ನು ದಾಟಿತ್ತು.

ಆರ್‌ಎಸ್ಸಿನ ಪರೀಕ್ಷೆಗೆ ಅವನು ಹೆಚ್ಚು ಹೊತ್ತು ತೆಗೆದುಕೊಂಡನು. ಎಂಜಿನ್ನು ತಣ್ಣಗಿದೆಯೇ ಎಂದು ಕೈಯಿಟ್ಟು ನೋಡಿ, ಆ ಬಳಿಕವೇ ಸ್ಟಾರ್ಟು ಮಾಡಿಸಿದನು. ಮೊದಲೇ ಕಾಯಿಸಿಟ್ಟ ಎಂಜಿನ್ನು ಎಷ್ಟೋ ರೋಗಗಳನ್ನು ಮುಚ್ಚಿಕೊಳ್ಳುತ್ತದೆಯಂತೆ. ಟೈಮಿಂಗ್ ಚೈನು ಗಲಗಲ ಎನ್ನಲಿಲ್ಲ. ಓಡಿಸುತ್ತ ವೇಗದಲ್ಲಿ ಎಕ್ಸಿಲರೇಟರನ್ನು ಪೂರ್ತಿ ಬಿಟ್ಟು ಮತ್ತೆ ಒತ್ತಿದಾಗ ಹಿಂದೆ ನೀಲಿ ಹೊಗೆ ಏಳಲಿಲ್ಲ. ನಾಲ್ಕು ಸಿಲಿಂಡರುಗಳ ಕಂಪ್ರೆಶನ್ನನ್ನೂ ಒಂದೊಂದಾಗಿ ಅಳೆದನು. ಒಂದಕ್ಕೂ ಇನ್ನೊಂದಕ್ಕೂ ಹತ್ತು ಪ್ರತಿಶತಕ್ಕಿಂತ ಹೆಚ್ಚಿನ ವ್ಯತ್ಯಾಸವಿದ್ದರೆ ಕೈಬಿಡಬೇಕೆಂದು ಹೇಳಿದ್ದವನು, ಅಳೆದ ಮೇಲೆ ತಲೆಯಾಡಿಸಿದನು. ವಾಟರ್ ಪಂಪಿನ ಮನೆಯ ಬಳಿ ತಂಪುದ್ರವ ಒಣಗಿದ ಗುಲಾಬಿ ಬಣ್ಣದ ಕಲೆಯಿತ್ತು; ಆ ಎಂಜಿನ್ನಿನ ಪ್ರಸಿದ್ಧ ವ್ಯಾಧಿ ಅದು. ಮುಂದಿನ ಕೆಳತೋಳಿನ ಬುಷ್ಷುಗಳು ಸೀಳಿದ್ದವು. ಡಿಎಸ್‌ಜಿಯ ಎಣ್ಣೆಯು 60,000ಕ್ಕೊಮ್ಮೆ ಬದಲಾಗತಕ್ಕದ್ದು. ಒಂದು ಬಿಲ್ಲು ಕಡತದಲ್ಲಿತ್ತು, ಎರಡನೆಯದರ ವಾಯಿದೆ ಬಂದಿತ್ತು. ಇಷ್ಟನ್ನೂ ಚೀಟಿಯಲ್ಲಿ ಬರೆದು, ಪ್ರತಿಯೊಂದರ ಮುಂದೆ ಖರ್ಚನ್ನು ಹಾಕಿ, ಆ ಮೊತ್ತವನ್ನು ಬೆಲೆಯಿಂದ ಕಳೆದುಕೊಂಡು ಅಳಿಯನು ಗಾಡಿಯನ್ನು ಕೊಂಡನು. 29 ಮತ್ತು 30ನೆಯ ನಮೂನೆಗಳಿಗೆ ರುಜು ಬಿದ್ದ ದಿನ ಅವನ ತಾಯಿ, ನನ್ನ ತಂಗಿ, ನನ್ನೊಡನೆ ಮಾತು ಬಿಟ್ಟಳು. ಅದು ಬೇರೆ ವಿಷಯ.

ಉಳಿದಿರುವ ಆಕ್ಷೇಪಗಳು ಎರಡು ಮೂರು. ಬಿಡಿಭಾಗಗಳು ಸಿಗುವುದಿಲ್ಲವೆಂಬುದು ಒಂದು. 2019ರ ಹೊತ್ತಿಗೆ ಫಿಯಾಟ್ ಕಾರುಗಳು ಈ ದೇಶದಲ್ಲಿ ನಿಂತುಹೋದವಾದುದರಿಂದ ಅಬಾರ್ತನ್ನು ಕೊಳ್ಳುವವನಿಗೆ ಇದು ನಿಜವಾದ ಸಂಕಟವೇ. ಆದರೆ ಕಡಿಮೆ ಓಡಿದ ಅಬಾರ್ತಿಗೂ ಇದೇ ಸಂಕಟವಿರುವುದರಿಂದ ಈ ಆಕ್ಷೇಪವು ನನ್ನ ಸಿದ್ಧಾಂತವನ್ನು ಮುಟ್ಟುವುದೇ ಇಲ್ಲ. ಮುಂದೆ ಮಾರುವಾಗ ಬೆಲೆ ಬರುವುದಿಲ್ಲವೆಂಬುದು ಇನ್ನೊಂದು. ಗಾಡಿಯ ಬೆಲೆ ಬೀಳುವುದು ಮೊದಲಿನ ವರ್ಷಗಳಲ್ಲಿ; ಲಕ್ಷದ ಭಯದಿಂದ ಅದು ಇನ್ನೊಂದು ಸಲ ಬಿದ್ದ ಮೇಲೆ ಕೊಂಡವನು, ಬೀಳತಕ್ಕದ್ದೆಲ್ಲ ಬಿದ್ದಾದ ಮೇಲೆ ಕೊಂಡಿದ್ದಾನೆ. 40,000ದ ಗಾಡಿಯನ್ನು ಹೆಚ್ಚು ಬೆಲೆಗೆ ಕೊಂಡು ಮೂರು ವರ್ಷ ಓಡಿಸಿ ಲಕ್ಷದ ಹೊಸ್ತಿಲಲ್ಲಿ ಮಾರುವವನೇ ಆ ಎರಡನೆಯ ಪತನದ ಪೂರ್ಣಭಾರವನ್ನು ತಲೆಯ ಮೇಲೆ ಹೊರುವವನು. ಶೋಕಿಯೆಂಬ ನಿಂದೆಗೆ ನಾನು ಉತ್ತರ ಕೊಡುವುದಿಲ್ಲ. ಮದುವೆಯ ಮಂಟಪಕ್ಕೆ ಲಕ್ಷಾಂತರ ಸುರಿಯುವ ಊರಿನಲ್ಲಿ, ಒಬ್ಬನು ಆರಬೈಲ ಘಟ್ಟದ ತಿರುವುಗಳನ್ನು ಭಾನುವಾರ ಮುಂಜಾವಿನಲ್ಲಿ ಹಿತವಾಗಿ ಇಳಿಯಬೇಕೆಂದು ಬಯಸಿದರೆ ಅವನೊಬ್ಬನೇ ಶೋಕಿಲಾಲನೇ?

ಗಾಡಿಯನ್ನು ಹಿಂದಿನವನು ಹಿಂಡಿರುತ್ತಾನೆಂಬ ಭಯವೊಂದೇ ಗೌರವಕ್ಕೆ ಅರ್ಹವಾದ ಆಕ್ಷೇಪ. ಎಂಜಿನ್ನು ಕಾಯುವ ಮೊದಲೇ ಕೆಂಪುಗೆರೆಯವರೆಗೆ ಒತ್ತಿದವನು, ಎಂಜಿನ್ನಿನ ಕಂಪ್ಯೂಟರನ್ನು ರೀಮ್ಯಾಪು ಮಾಡಿಸಿ ಟರ್ಬೋವಿನ ಮೇಲೆ ಅದು ತಾಳಲಾರದ ಒತ್ತಡವನ್ನು ಹೇರಿ ಮಾರುವ ಮುನ್ನ ಹಳೆಯ ಮ್ಯಾಪನ್ನು ಮರಳಿ ಹಾಕಿಸಿದವನು, ಬೈಪಾಸಿನಲ್ಲಿ ಪಂದ್ಯ ಕಟ್ಟಿದವನು, ಇಂಥವರು ಇಲ್ಲವೆಂದು ಹೇಳಲಾರೆ. ಅವರ ಕೈಯಿಂದ ಬಂದ ಗಾಡಿಯನ್ನು ನಾನು ಸಮರ್ಥಿಸುವುದಿಲ್ಲ. ಫೆಂಡರಿನ ಬೋಲ್ಟುಗಳ ಮೇಲೆ ಸ್ಪ್ಯಾನರಿನ ಗುರುತಿದ್ದರೆ, ಸರ್ವಿಸಿನ ಕಡತದಲ್ಲಿ ಎರಡು ವರ್ಷಗಳ ಖಾಲಿಯಿದ್ದರೆ, ತಣ್ಣಗಿನ ಸ್ಟಾರ್ಟಿಗೆ ಒಡೆಯನು ಒಪ್ಪದಿದ್ದರೆ, ಅಲ್ಲಿಂದ ಚಹಾ ಕುಡಿಯದೆಯೇ ಹೊರಡತಕ್ಕದ್ದು. ಆದರೆ ಈ ಪಾಪಗಳಲ್ಲಿ ಯಾವುದಕ್ಕೂ ಲಕ್ಷ ಕಿಲೋಮೀಟರು ಬೇಕಾಗಿಲ್ಲ. ಹಿಂಡುವವನಿಗೆ ಹದಿನೈದು ಸಾವಿರವೇ ಧಾರಾಳ. ಹಾಗೆ ಹಿಂಡಿಸಿಕೊಂಡೂ ಲಕ್ಷ ದಾಟಿ, ನಾಲ್ಕು ಸಿಲಿಂಡರಿನ ಕಂಪ್ರೆಶನ್ನು ಸಮವಾಗಿ ನಿಂತ ಎಂಜಿನ್ನನ್ನು ನಾನಿನ್ನೂ ಕಾಣಬೇಕಾಗಿದೆ. ಹದಿನೈದು ಸಾವಿರದಲ್ಲೇ ಒಳಗೊಳಗೆ ಮುಗಿದು, ಹೊರಗೆ ಹೊಸದರಂತೆ ಹೊಳೆಯುತ್ತ, “ಏನೂ ಓಡಿಲ್ರಿ” ಎಂಬ ಒಂದೇ ಮಾತಿನ ಬಲದಿಂದ ಹೆಚ್ಚಿನ ಬೆಲೆಗೆ ಹೋದ ಗಾಡಿಗಳನ್ನು ತೋರಿಸಬೇಕಾದರೆ ಮಿಸ್ತ್ರಿಯ ಗ್ಯಾರೇಜಿನ ಹಿಂಭಾಗದವರೆಗೆ ನಡೆದರೆ ಸಾಕು.